ಕೊನೆಗಾರ ಹೊರಟುಹೋದ ರಾತ್ರಿ

ಜುಲೈ ತಿಂಗಳ ಒಂದು ರಾತ್ರಿ ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದೆ. ಕರೆಂಟ್ ಹೋಗಿ ಎರಡು ತಾಸಾಗಿತ್ತು. ಮೊಬೈಲಿನಲ್ಲಿ ಒಂದು ಸಾಲು ಮೂಡಿತು: ಇಂಥ ಸಂಖ್ಯೆಯವರು ಗುಂಪನ್ನು ತೊರೆದಿದ್ದಾರೆ. ಮೊದಲೆಲ್ಲ ಈ ಸಾಲು ಗುಂಪಿನಲ್ಲಿದ್ದ ಎಲ್ಲರಿಗೂ ಕಾಣುತ್ತಿತ್ತು. 2022ರಿಂದ ಈಚೆಗೆ ವಾಟ್ಸಾಪ್ ಗುಂಪು ಬಿಡುವವರು ಸದ್ದಿಲ್ಲದೆ ಎದ್ದು ಹೋಗಬಹುದು. ಆ ಕ್ಷಣಕ್ಕೆ ತಿಳಿಯುವುದು ಅಡ್ಮಿನ್‌ಗೆ ಮಾತ್ರ. ನಾನು ಅಡ್ಮಿನ್. ಹಾಗಾಗಿ ಐನೂರು ಚಿಲ್ಲರೆ ಜನರಿದ್ದ ಗುಂಪಿನಿಂದ ಒಬ್ಬ ಕೊನೆಗಾರ ಎದ್ದುಹೋದದ್ದನ್ನು ಕಂಡವನು ಆ ರಾತ್ರಿ ಬಹುಶಃ ನಾನೊಬ್ಬನೇ.

ಬಯಲುಸೀಮೆಯ ಓದುಗರಿಗಾಗಿ ಒಂದು ಮಾತು. ಅಡಿಕೆಯ ಗೊನೆಗೆ ನಮ್ಮ ಕಡೆ ಕೊನೆ ಎನ್ನುತ್ತೇವೆ. ಮರ ಹತ್ತಿ ಕೊನೆ ಕೊಯ್ಯುವವನು, ಮಳೆಗಾಲಕ್ಕೆ ಮುಂಚೆ ಔಷಧಿ ಹೊಡೆಯುವವನು ಕೊನೆಗಾರ. ಅವನಿಲ್ಲದಿದ್ದರೆ ತೋಟವಿದ್ದವರೆಲ್ಲ ಮೇಲೆ ನೋಡುತ್ತಾ ನಿಲ್ಲಬೇಕಾಗುತ್ತದೆ. ನೆಲದ ಮೇಲೆ ನಿಂತೇ ಕೊಯ್ಯುವ ಉದ್ದನೆಯ ದೋಟಿ ಬಂದಿದೆ, ನಿಜ. ಆದರೂ ಜೂನ್ ಹತ್ತಿರ ಬಂದಾಗ ಮಲೆನಾಡಿನಲ್ಲಿ ಕೊನೆಗಾರನಿಗೆ ಇರುವ ಬೇಡಿಕೆ ಮದುವೆಯ ಕಾಲದ ಪುರೋಹಿತರಿಗೂ ಇಲ್ಲ.

ನಮ್ಮ ಗುಂಪು ಶುರುವಾದದ್ದು 2019ರ ಆಗಸ್ಟ್ ಮಳೆಯಲ್ಲಿ. ಹಿಂದಿನ ವರ್ಷವೂ ಹಾಗೆಯೇ ಸುರಿದಿತ್ತು. ತೋಟದಲ್ಲಿ ಕಾಲಿಟ್ಟಲ್ಲೆಲ್ಲ ಕೊಳೆತು ಉದುರಿದ ಹಸಿ ಅಡಿಕೆ. ಹದಿನಾಲ್ಕು ಜನ ಸೇರಿದೆವು. ಚಿಕ್ಕಪ್ಪನ ಮಕ್ಕಳು, ಭಾವಂದಿರು, ಪಕ್ಕದ ಊರಿನ ನಾಲ್ಕು ಮನೆಯವರು. ಯಾರ ತೋಟಕ್ಕೆ ಕೊಳೆ ರೋಗ ಬಂತು, ಯಾರು ಎರಡನೇ ಸಲ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಹೊಡೆದರು, ಯಾರು ಗೊನೆ ನೆನೆಯದಂತೆ ಕೊಟ್ಟೆ ಎಂಬ ಹೊದಿಕೆ ಕಟ್ಟಿಸಿದರು ಎಂಬುದಷ್ಟೇ ಮಾತು. ದಿನಕ್ಕೆ ಐದಾರು ಸಂದೇಶ ಬಂದರೆ ಹೆಚ್ಚು. ಎರಡು ವರ್ಷ ಹಾಗೆಯೇ ನಡೆಯಿತು. ಆಮೇಲೆ ಎಲೆಚುಕ್ಕಿ ರೋಗ ತೀರ್ಥಹಳ್ಳಿ, ಹೊಸನಗರ, ಕೊಪ್ಪ, ಶೃಂಗೇರಿ ಎಂದು ಹರಡುವ ಸುದ್ದಿ ಬರತೊಡಗಿದಾಗ, ದೂರದ ಊರಿನವರ ಅನುಭವವೂ ಗೊತ್ತಾಗಲಿ ಎಂದು ಸೇರುವ ಲಿಂಕನ್ನು ನಾನೇ ಬಹಿರಂಗವಾಗಿ ಹಂಚಿದೆ. ಯಾರೂ ಒತ್ತಾಯಿಸಲಿಲ್ಲ. ಬಾಗಿಲು ತೆರೆದಿಟ್ಟರೆ ಗಾಳಿ ಬರುತ್ತದೆ ಎಂಬುದಷ್ಟೇ ತಲೆಯಲ್ಲಿತ್ತು. ಗಾಳಿಯ ಜೊತೆಗೆ ಏನೇನು ಬರುತ್ತದೆ ಎಂದು ಮಳೆಗಾಲದಲ್ಲಿ ದೀಪ ಹಚ್ಚಿ ಕಿಟಕಿ ತೆರೆದಿಟ್ಟ ಯಾರಿಗಾದರೂ ಗೊತ್ತಿರಬೇಕಿತ್ತು.

ಒಂದು ತಿಂಗಳಲ್ಲಿ ಇನ್ನೂರು ದಾಟಿತು, ವರ್ಷ ತುಂಬುವಷ್ಟರಲ್ಲಿ ಐನೂರು. ಶುಭೋದಯದ ಗುಲಾಬಿ ಹೂಗಳು ಬಂದವು. ಐದು ನಿಮಿಷದಲ್ಲಿ ಸಾಲ ಕೊಡುವವರು ಬಂದರು. ಇವರೆಲ್ಲ ಉಪದ್ರವವೇ, ಆದರೆ ನೊಣದ ಉಪದ್ರವ. ಕೈ ಬೀಸಿದರೆ ಹೋಗುತ್ತಾರೆ. ತಲೆನೋವಾದವರು ಬೇರೆ. ಒಬ್ಬರಿದ್ದರು, ಬಹಳ ವಿನಯದ ಮನುಷ್ಯ. ಯಾರೇ ಏನೇ ಹೇಳಲಿ, ‘ದಯವಿಟ್ಟು ಇದಕ್ಕೆ ಆಧಾರ ಕೊಡುತ್ತೀರಾ?’ ಎಂದು ಕೇಳುತ್ತಿದ್ದರು. ಆಧಾರ ಕೊಟ್ಟರೆ ಆಧಾರಕ್ಕೆ ಆಧಾರ. ‘ನಾನು ತಿಳಿದುಕೊಳ್ಳಲು ಕೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ’ ಎಂದು ಕೊನೆಗೊಂದು ಕೈಮುಗಿದ ಚಿತ್ರ. ಮೂರು ತಿಂಗಳಲ್ಲಿ ಅವರು ತಿಳಿದುಕೊಂಡದ್ದೇನು ಎಂದು ನನಗೆ ಗೊತ್ತಾಗಲಿಲ್ಲ. ಆದರೆ ನಲವತ್ತು ವರ್ಷ ತೋಟ ಮಾಡಿದ ಹಿರಿಯರೊಬ್ಬರು, ದಿನಾ ಸಂಜೆ ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಒತ್ತಿ ಉತ್ತರ ಬರೆಯುತ್ತಿದ್ದವರು, ಬರೆಯುವುದನ್ನು ನಿಲ್ಲಿಸಿದರು. ಅವರನ್ನು ಯಾರೂ ಬೈದಿರಲಿಲ್ಲ. ಬೈದಿದ್ದರೆ ನಾನು ಬೈದವರನ್ನು ಹೊರಗೆ ಹಾಕುತ್ತಿದ್ದೆ.

ಪ್ರಶ್ನೆ ಕೇಳುವವನಿಗೆ ನಾಲ್ಕು ಪದದ ಖರ್ಚು, ಉತ್ತರ ಕೊಡುವವನಿಗೆ ಅರ್ಧ ಸಂಜೆ. ಎದುರಾಬದುರು ಕೂತು ಮಾತಾಡುವಾಗಲೂ ಈ ಲೆಕ್ಕ ಹೀಗೆಯೇ. ಆದರೆ ಅಲ್ಲಿ ಕೇಳುವವನು ಉತ್ತರ ಮುಗಿಯುವವರೆಗೆ ಕೂತಿರಬೇಕು, ಕಾಫಿ ಕುಡಿಯಬೇಕು, ಎದುರಿನವರ ಮುಖ ಬಾಡಿದ್ದು ನೋಡಬೇಕು. ಮೊಬೈಲಿನಲ್ಲಿ ಕಲ್ಲೆಸೆದವನು ಆಗಲೇ ಇನ್ನೊಂದು ಕೆರೆಯ ಬಳಿ ಇರುತ್ತಾನೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಕಟ್ಟಿದವರು ಇಂಥ ಮಾತುಕತೆಯನ್ನು ಕಂಡಿರಲಿಲ್ಲ. ಇಲ್ಲಿ ದೊಣ್ಣೆಗೆ ನಿಮಿಷವೂ ಬೇಕಿಲ್ಲ.

ಇದು ನಮ್ಮ ಕಾಲದ, ನಮ್ಮ ಊರಿನ ಗ್ರಹಚಾರ ಎಂದುಕೊಂಡಿದ್ದೆ. ಹಾಗೇನೂ ಇಲ್ಲ. ಅಮೆರಿಕದ ವಿಶ್ವವಿದ್ಯಾಲಯಗಳ ನಡುವೆ 1980ರ ಸುಮಾರಿಗೆ ಯೂಸ್‌ನೆಟ್ ಎಂಬ ಮಾತುಕತೆಯ ಜಾಲ ಹುಟ್ಟಿತು. ಅಲ್ಲಿ ಪ್ರತಿ ಸೆಪ್ಟೆಂಬರಿನಲ್ಲಿ ಹೊಸ ವಿದ್ಯಾರ್ಥಿಗಳು ಬಂದು ಗದ್ದಲ ಎಬ್ಬಿಸುತ್ತಿದ್ದರು. ಹಳಬರು ಗದರಿಸಿ, ತಿದ್ದಿ, ಒಂದೆರಡು ತಿಂಗಳಲ್ಲಿ ದಾರಿಗೆ ತರುತ್ತಿದ್ದರು. 1993-94ರಲ್ಲಿ ಅಮೆರಿಕ ಆನ್‌ಲೈನ್‌ನಂಥ ಕಂಪನಿಗಳ ಗ್ರಾಹಕರೆಲ್ಲ ಒಳಗೆ ಬರತೊಡಗಿದರು. ಬರುವವರ ಸಾಲು ಮುಗಿಯಲೇ ಇಲ್ಲ, ತಿದ್ದುವವರು ಸೋತರು. 1993ರ ಸೆಪ್ಟೆಂಬರ್ ಎಂದೂ ಮುಗಿಯದ ಸೆಪ್ಟೆಂಬರ್ ಎಂದು ಆಗಿನವರು ತಮಾಷೆ ಮಾಡಿಕೊಂಡರು. ಹೊಸಬರು ಕೆಟ್ಟವರಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಒಂದು ಹಂಡೆ ಹಾಲಿಗೆ ಒಂದು ಚಮಚ ಹೆಪ್ಪು ಸಾಕು. ಹಂಡೆಯ ಮೇಲೆ ಹಂಡೆ ಸುರಿಯುತ್ತಲೇ ಇದ್ದರೆ ಯಾವ ಹೆಪ್ಪೂ ಹಿಡಿಯುವುದಿಲ್ಲ. ನಮ್ಮಲ್ಲಿ ಹದಿನಾಲ್ಕು ಜನರ ನಡತೆ ಐನೂರು ಜನರಿಗೆ ಹಿಡಿಯದೆ ಹೋದದ್ದು ಹೀಗೆಯೇ.

ಟ್ರೋಲ್ ಎಂಬ ಮಾತು ಬಳಕೆಗೆ ಬಂದದ್ದೂ ಅದೇ ಜಾಲದಲ್ಲಿ. ಸೇತುವೆಯ ಕೆಳಗೆ ಕೂತ ರಾಕ್ಷಸ ಎಂದು ಹಲವರು ತಿಳಿದಿದ್ದಾರೆ. ಮೊದಲ ಅರ್ಥದಲ್ಲಿದ್ದದ್ದು ದೋಣಿಯ ಹಿಂದೆ ಗಾಳ ಎಳೆದುಕೊಂಡು ಹೋಗಿ ಮೀನು ಹಿಡಿಯುವ ಕೆಲಸ. ಗಾಳ ಹಾಕುವುದು ಎಂಬ ನಮ್ಮ ಮಾತೇ ಸರಿಯಾಗಿ ಹೊಂದುತ್ತದೆ. ಗಾಳ ಹಾಕಿದವನಿಗೆ ಎರೆಹುಳದ ಮೇಲೆ ಪ್ರೀತಿಯೂ ಇಲ್ಲ, ದ್ವೇಷವೂ ಇಲ್ಲ. ‘ರಾಸಾಯನಿಕ ಹೊಡೆಯುವವರು ಮಣ್ಣಿನ ದ್ರೋಹಿಗಳು’ ಎಂದು ನಮ್ಮ ಗುಂಪಿನಲ್ಲಿ ವಾರಕ್ಕೊಮ್ಮೆ ಬರೆಯುತ್ತಿದ್ದವನಿಗೆ ತೋಟವೇ ಇರಲಿಲ್ಲ ಎಂದು ತಿಳಿಯಲು ನನಗೆ ಎಂಟು ತಿಂಗಳು ಹಿಡಿಯಿತು. ಆ ಎಂಟು ತಿಂಗಳೂ ಗಾಳ ಕಚ್ಚಿದ ಮೀನುಗಳಲ್ಲಿ ದೊಡ್ಡದು ನಾನೇ. ಮೈಲುತುತ್ತ ಯಾವಾಗಿನಿಂದ ಬಳಕೆಯಲ್ಲಿದೆ, ಸುಣ್ಣ ಏಕೆ ಸೇರಿಸುತ್ತಾರೆ ಎಂದು ಪುಟಗಟ್ಟಲೆ ಬರೆದೆ. ಬರೆದು ಮುಗಿಸಿದಾಗ ಏನೋ ಸಾಧಿಸಿದ ಸಮಾಧಾನವಾಗುತ್ತಿತ್ತು, ಅದನ್ನೂ ಒಪ್ಪಿಕೊಳ್ಳುತ್ತೇನೆ. ಜಗಳ ನೋಡುವುದಕ್ಕೂ ಜನ ಬರುತ್ತಾರೆ. ನೋಡುವವರಿದ್ದಾರೆ ಎಂದು ಗೊತ್ತಾದರೆ ಆಡುವವನಿಗೂ ಹುರುಪು.

ಬಾಗಿಲು ತೆರೆದವರೆಲ್ಲ ಒಂದಲ್ಲ ಒಂದು ದಿನ ಈ ಬೆಲೆ ಕೊಟ್ಟಿದ್ದಾರೆ. 2005ರ ಜೂನ್‌ನಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ ಇರಾಕ್ ಯುದ್ಧದ ಬಗೆಗಿನ ಒಂದು ಸಂಪಾದಕೀಯವನ್ನು ಓದುಗರೇ ಸೇರಿ ತಿದ್ದಿ ಬರೆಯಲಿ ಎಂದು ಬಿಟ್ಟುಕೊಟ್ಟಿತು. ಮೂರು ದಿನವೂ ತುಂಬಲಿಲ್ಲ, ಅಶ್ಲೀಲ ಚಿತ್ರಗಳು ಬಂದು ಬಿದ್ದವು, ಅಂಗಡಿ ಮುಚ್ಚಿದರು. ಜಗತ್ತೇ ಮನೆಯೊಳಗೆ ಕೂತಿದ್ದ 2020ರಲ್ಲಿ ಝೂಮ್ ಪಾಠಗಳಿಗೆ, ಪ್ರಾರ್ಥನೆಗಳಿಗೆ ಅಪರಿಚಿತರು ನುಗ್ಗಿದರು. ಏಪ್ರಿಲ್ ಮೊದಲ ವಾರದಲ್ಲಿ ಆ ಕಂಪನಿ ಪಾಸ್‌ವರ್ಡ್ ಮತ್ತು ಕಾಯುವ ಕೋಣೆಯನ್ನು ತಾನಾಗಿಯೇ ಅಳವಡಿಸಿತು. ನಮ್ಮ ಮನೆಯ ಹತ್ತಿರದ ಉದಾಹರಣೆಯೇ ಬೇಕೆಂದರೆ ಕರ್ನಾಟಕ ಹೈಕೋರ್ಟ್ ಇದೆ. 2023ರ ಡಿಸೆಂಬರ್ ಮೊದಲ ವಾರದಲ್ಲಿ ನಡೆಯುತ್ತಿದ್ದ ಕಲಾಪದ ವಿಡಿಯೊ ಸಂಪರ್ಕದೊಳಗೆ ಕಿಡಿಗೇಡಿಗಳು ಹೊಕ್ಕು ಅಶ್ಲೀಲ ದೃಶ್ಯ ತೋರಿಸಿದರು. ಬೆಂಗಳೂರು, ಧಾರವಾಡ, ಕಲಬುರಗಿ ಮೂರೂ ಕಡೆ ವಿಡಿಯೊ ಕಲಾಪ ಮತ್ತು ನೇರಪ್ರಸಾರವನ್ನು ಕೆಲಕಾಲ ನಿಲ್ಲಿಸಬೇಕಾಯಿತು. ನ್ಯಾಯಾಲಯದ ಬಾಗಿಲು ಎಲ್ಲರಿಗೂ ತೆರೆದಿರಬೇಕೆಂಬುದು ದೊಡ್ಡ ತತ್ವ. ಆ ತತ್ವವನ್ನು ಮೊಬೈಲಿನವರೆಗೆ ತಂದು ಕೊಟ್ಟಿದ್ದ ಸೌಲಭ್ಯವನ್ನು ಯಾರೋ ಕೆಲವರ ಚೇಷ್ಟೆ ಎಲ್ಲರ ಕೈಯಿಂದ ಕಿತ್ತುಕೊಂಡಿತು. ದೂರದ ಊರಿನಿಂದ ಅರ್ಧ ಗಂಟೆಯ ವಾದಕ್ಕೆ ರಾತ್ರಿ ಬಸ್ ಹತ್ತಬೇಕಾದ ವಕೀಲರಿಗೆ ಆಗ ಇದರ ಬಿಸಿ ತಟ್ಟದೆ ಇದ್ದೀತೇ?

ಹೊರಗಿನವರ ಕಥೆ ಸಾಕು. ಕೊನೆಗಾರನ ವಿಷಯಕ್ಕೆ ಬರುತ್ತೇನೆ.

ಆತ ಯಾರೆಂದು ನನಗೆ ಗೊತ್ತಿರಲಿಲ್ಲ. ನಾನು ಹಂಚಿದ ಲಿಂಕ್ ಯಾರಿಂದ ಯಾರಿಗೋ ದಾಟಿ ಅವನಿಗೆ ಸಿಕ್ಕಿತ್ತು. ಒಂದು ವರ್ಷ ತುಟಿ ಪಿಟಕ್ಕೆನ್ನದೆ ಇದ್ದವನು ಆ ಜುಲೈನಲ್ಲಿ ಒಂದು ಧ್ವನಿ ಸಂದೇಶ ಕಳಿಸಿದ. ಎರಡು ನಿಮಿಷದ್ದು. ಹಿಂದೆ ಮಳೆಯ ಸದ್ದು, ಯಾವುದೋ ಮಗು ಅಳುವ ಸದ್ದು. ಬೋರ್ಡೋ ಸರಿಯಾಗಿಯೇ ಕಾಸಿದ್ದೇವೆ, ಎರಡು ಸಲ ಹೊಡೆಸಿದ್ದೇವೆ, ಆದರೂ ಕೊಳೆ ಬಂದಿದೆ ಏಕೆ ಎಂದು ಒಬ್ಬರು ಕೇಳಿದ್ದಕ್ಕೆ ಅವನ ಉತ್ತರ ಅದು. (ಕಾಸುವುದು ಎಂದರೆ ಒಲೆಯ ಮೇಲೆ ಇಡುವುದಲ್ಲ, ದ್ರಾವಣ ಕೂಡಿಸುವುದಕ್ಕೆ ಆ ಪ್ರಶ್ನೆ ಕೇಳಿದವರ ಮನೆಯ ಮಾತು.)

ಕೊನೆಗಾರ ಹೇಳಿದ್ದು ಇಷ್ಟು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು ಎಂಬ ಲೆಕ್ಕ ಎಲ್ಲರಿಗೂ ಗೊತ್ತು. ಹೊಳೆಯುವ ಕತ್ತಿ ಅದ್ದಿ ನೋಡುವುದೂ ಗೊತ್ತು. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಅದೆಲ್ಲ ನೆಲದ ಮೇಲಿನ ಕೆಲಸ. ಮೇಲೆ ಹತ್ತಿದವನು ಒಂದು ಮರದಲ್ಲಿ ಕೂತು ಸುತ್ತಲಿನ ಐದಾರು ಮರಕ್ಕೆ ಹೊಡೆಯುತ್ತಾನೆ. ಅವನಿಗೆ ಕಾಣುವುದು ಕೊನೆಯ ಈಚೆ ಮುಖ ಮಾತ್ರ. ಆಚೆ ಮುಖ ಒಣಗಿಯೇ ಉಳಿಯುತ್ತದೆ, ಕೊಳೆ ಅಲ್ಲಿಂದ ಶುರುವಾಗುತ್ತದೆ. ಕೆಳಗೆ ನಿಂತವರಿಗೆ ಇಡೀ ಕೊನೆ ನೀಲಿಯಾದಂತೆ ತೋರುತ್ತದೆ. ‘ನೀವು ನಿಲ್ಲುವುದು ಯಾವಾಗಲೂ ಒಂದೇ ಕಡೆ, ಪೈಪು ಇರುವ ಕಡೆ’ ಎಂದ. ಅಂಚಿನ ಸಾಲಿನಲ್ಲಿ ಎದುರಿನ ಮರವನ್ನೂ ಒಂದು ಹತ್ತಿಸಿ ಎಂದು ಮುಗಿಸಿದ.

ಇಪ್ಪತ್ತೆರಡು ವರ್ಷದಿಂದ ತೋಟ ಮಾಡುತ್ತಿದ್ದೇನೆ. ನಾನು ನಿಲ್ಲುತ್ತಿದ್ದದ್ದು ಪೈಪು ಇರುವ ಕಡೆಯೇ.

ಕೆಳಗೆ ಅವನು ಒಂದು ಸಾಲು ಬರೆದೂ ಇದ್ದ. ಔಷಧಿ ಎಂಬುದನ್ನು ‘ಅವುಸದಿ’ ಎಂದು ಬರೆದಿದ್ದ. ಐದು ನಿಮಿಷದಲ್ಲಿ ಒಬ್ಬರು ಆ ಪದವನ್ನು ಹೆಕ್ಕಿ ತೆಗೆದು, ‘ಮೊದಲು ಕನ್ನಡಕ್ಕೆ ಅವುಸದಿ ಹೊಡೆಸಬೇಕು’ ಎಂದರು. ನಗುವ ಮುಖಗಳು ಸಾಲುಗಟ್ಟಿದವು. ಅದರ ಹಿಂದೆಯೇ ಇನ್ನೊಂದು: ‘ಹೆಚ್ಚು ಮರ ಹತ್ತಿದರೆ ಹೆಚ್ಚು ಕೂಲಿ. ಒಳ್ಳೆಯ ವಿದ್ಯೆ.’ ಮತ್ತಷ್ಟು ನಗು. ವಿನಯದ ಮನುಷ್ಯ ಆಧಾರ ಕೇಳಿದರು. ನಾನು ಅದನ್ನೆಲ್ಲ ನೋಡುತ್ತಿದ್ದೆ. ಬೆಳಿಗ್ಗೆ ಏನಾದರೂ ಬರೆಯೋಣ, ಈಗ ಬ್ಯಾಟರಿ ಇಲ್ಲ ಎಂದುಕೊಂಡೆ. ಒಂಬತ್ತೂ ನಲವತ್ತಕ್ಕೆ ಆ ಸಾಲು ಮೂಡಿತು.

ತೆರೆದ ಬಾಗಿಲಿನಿಂದ ಬಂದ ಕಿಡಿಗೇಡಿಗಳ ಬಗ್ಗೆ ಇಷ್ಟೆಲ್ಲ ಬರೆದೆನಲ್ಲ. ಕನ್ನಡವನ್ನು ಆಡಿಕೊಂಡ ಆ ವ್ಯಕ್ತಿ ಬಾಗಿಲಿನಿಂದ ಬಂದವರಲ್ಲ. ನಮ್ಮ ಮೊದಲ ಹದಿನಾಲ್ಕು ಜನರಲ್ಲಿ ಒಬ್ಬರು, ನನಗೆ ಹತ್ತಿರದ ಸಂಬಂಧಿ. ಹದಿನಾಲ್ಕು ಜನರಿದ್ದಾಗ ಅವರ ಹಾಸ್ಯ ಗುಂಪಿಗೆ ಒಗ್ಗರಣೆಯಂತೆ ಇತ್ತು. ನಾವೆಲ್ಲ ಪರಸ್ಪರ ಬಲ್ಲವರು, ಯಾರಿಗೆ ಎಷ್ಟು ಹೇಳಬಹುದು ಎಂಬುದು ಅವರಿಗೆ ತಿಳಿದಿತ್ತು. ಐನೂರು ಜನರಾದಾಗ ಅದೇ ಮನುಷ್ಯನಿಗೆ ರಂಗಸ್ಥಳ ಸಿಕ್ಕಿತು. ಹಾಸ್ಯಗಾರನಿಗೆ ಮುಂದಿನ ಸಾಲಿನಿಂದ ಒಂದು ಚಪ್ಪಾಳೆ ಬಿದ್ದರೆ ಆ ಸನ್ನಿವೇಶ ಬೆಳಗಿನ ಜಾವದವರೆಗೂ ಎಳೆಯುತ್ತದೆ. ಬಯಲು ಹೊರಗಿನ ಪುಂಡರನ್ನು ಕರೆಯುವುದಷ್ಟೇ ಅಲ್ಲ, ಮನೆಯವರೊಳಗಿನ ಪುಂಡನನ್ನೂ ಎಬ್ಬಿಸುತ್ತದೆ. ವಿನಯದ ಆ ಮನುಷ್ಯನ ವಿಷಯದಲ್ಲೂ ಇದು ನಿಜವಿರಬಹುದು; ಅವರ ಮನೆಯ ಜಗಲಿಯಲ್ಲಿ ಕೂತರೆ ಒಳ್ಳೆಯ ಮಾತುಗಾರರೇ ಇರಬಹುದು.

ಮಳೆಗಾಲದಲ್ಲಿ ನಮ್ಮ ಕಡೆ ತಾಳಮದ್ದಲೆ ನಡೆಯುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲಿಯೇ ವಾದ. ಕೃಷ್ಣನ ಅರ್ಥ ಹೇಳುವವರು, ಅಂದರೆ ಆ ಪಾತ್ರವಾಗಿ ಮಾತಾಡುವವರು, ಸುಧನ್ವನನ್ನು ಕೆಣಕಬಹುದು, ಅಣಕಿಸಬಹುದು, ಕೊಂಕು ಪ್ರಶ್ನೆ ಕೇಳಬಹುದು. ಬರೆದಿಟ್ಟ ಮಾತು ಯಾವುದೂ ಇಲ್ಲ. ಕೇಳುಗರು ಸೇರುವುದೇ ಆ ಕೆಣಕಾಟಕ್ಕಾಗಿ. ಆದರೆ ಮಾತು ಹಳಿ ತಪ್ಪಿತು, ಅಥವಾ ಎಳೆದಾಡತೊಡಗಿತು ಎನಿಸಿದರೆ ಪದ್ಯ ಹಾಡಿ ಪ್ರಸಂಗ ನಡೆಸುವ ಭಾಗವತರು ಜಾಗಟೆಯನ್ನೋ ತಾಳವನ್ನೋ ಎತ್ತಿಕೊಂಡು ಮುಂದಿನ ಪದ್ಯ ಶುರುಮಾಡುತ್ತಾರೆ. ಅಲ್ಲಿಗೆ ಮುಗಿಯಿತು. ಯಾರನ್ನೂ ಬೈಯುವುದಿಲ್ಲ, ಎಬ್ಬಿಸಿ ಕಳಿಸುವುದಿಲ್ಲ; ಎಂಥ ದೊಡ್ಡ ಅರ್ಥಧಾರಿಯಾದರೂ ಪದ್ಯ ಎದ್ದ ಮೇಲೆ ಬಾಯಿ ಮುಚ್ಚಬೇಕು. ಅಧಿಕಪ್ರಸಂಗಿ ಎಂಬ ಬೈಗುಳವನ್ನು ನಾವು ಎಷ್ಟು ಸಲೀಸಾಗಿ ಆಡುತ್ತೇವೆ. ಪ್ರಸಂಗ ಬೇಡುವುದಕ್ಕಿಂತ ಹೆಚ್ಚು ಆಡಿದವನು, ಅಷ್ಟೇ. ಅವನಿಗೆ ಮದ್ದು ಪ್ರಸಂಗವನ್ನು ಮುಂದಕ್ಕೆ ಒಯ್ಯುವವರ ಕೈಯಲ್ಲಿರುತ್ತದೆ. ಆ ರಾತ್ರಿ ನಾನು ಮಾಡಬೇಕಿದ್ದದ್ದು ದೊಡ್ಡದೇನೂ ಅಲ್ಲ. ‘ಆಚೆ ಮುಖಕ್ಕೆ ಬೀಳದಿರುವುದನ್ನು ಕೆಳಗಿನಿಂದ ಗುರುತಿಸುವುದು ಹೇಗೆ?’ ಎಂದು ಕೊನೆಗಾರನನ್ನೇ ಒಂದು ಪ್ರಶ್ನೆ ಕೇಳಿದ್ದರೆ ಪದ್ಯ ಎದ್ದುಬಿಡುತ್ತಿತ್ತು. ಬ್ಯಾಟರಿ ಅದಕ್ಕೆ ಸಾಕಾಗುತ್ತಿತ್ತು.

ಮರುದಿನ ನನ್ನ ಆವೇಶವೇ ಬೇರೆ ದಿಕ್ಕಿಗೆ ಹೋಯಿತು. ಲಿಂಕ್ ರದ್ದು ಮಾಡಿದೆ. ಅಡ್ಮಿನ್ ಒಪ್ಪದೆ ಯಾರೂ ಒಳಗೆ ಬರದಂತೆ ಮಾಡಿದೆ. ಒಂದು ವಾರ ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಬೀಗ ಹಾಕಿದೆ. ಎಂಥ ನೆಮ್ಮದಿ! ಎಂಥ ಸ್ಮಶಾನ! ಆಗ ಹಿರಿಯ ಸದಸ್ಯರೊಬ್ಬರು ಫೋನ್ ಮಾಡಿ ಸಲಹೆ ಕೊಟ್ಟರು: ಪಹಣಿಯ ಪ್ರತಿ ಕಳಿಸಿದವರಿಗೆ ಮಾತ್ರ ಪ್ರವೇಶ ಎಂದು ನಿಯಮ ಮಾಡು, ತೋಟವಿಲ್ಲದ ಹರಟೆಮಲ್ಲರು ತಾವಾಗಿಯೇ ಜಾರಿಕೊಳ್ಳುತ್ತಾರೆ. ಬಹಳ ಸರಿ ಎನಿಸಿತು. ನಿಯಮವನ್ನು ಅಂದವಾಗಿ ಬರೆದೂ ಇಟ್ಟೆ. ಕಳಿಸುವ ಮುಂಚೆ ಓದಿದಾಗ ಹೊಳೆಯಿತು. ಕೊನೆಗಾರನ ಹೆಸರಿನಲ್ಲಿ ಯಾವ ಪಹಣಿ ಇರುತ್ತದೆ? ಮಾತಾಡಲು ಆಸ್ತಿ ಬೇಕು ಎಂಬ ನಿಯಮ ನಮ್ಮ ಸೀಮೆಗೆ ಹೊಸದಲ್ಲ. ನನ್ನ ಅಜ್ಜನ ಕಾಲದಲ್ಲಿ ಇದೇ ಜಗಲಿಯ ಮೇಲೆ ಯಾರು ಕೂರಬಹುದು, ಯಾರು ಅಂಗಳದಲ್ಲಿ ನಿಲ್ಲಬೇಕು ಎಂಬುದಕ್ಕೆ ಯಾರೂ ಬೋರ್ಡ್ ಹಾಕಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಕೊನೆಗಾರರು ಅಂಗಳದಲ್ಲಿಯೇ ನಿಂತು ಕೂಲಿ ಎಣಿಸಿಕೊಂಡು ಹೋಗುತ್ತಿದ್ದರು. ಕೊನೆಯ ಆಚೆ ಮುಖದ ಸಂಗತಿ ಅವರಿಗೆ ಆಗಲೂ ಗೊತ್ತಿದ್ದಿರಬೇಕು. ಯಾರೂ ಕೇಳಲಿಲ್ಲ, ಅವರು ಹೇಳಲಿಲ್ಲ. ಆ ಮಾತು ನನ್ನ ಕಿವಿಗೆ ಬೀಳಲು ಬಾಗಿಲು ಹಾರು ಹೊಡೆದು ಲಿಂಕೊಂದು ಊರೂರು ಅಲೆಯಬೇಕಾಯಿತು.

ಹೀಗಾಗಿ ಬಾಗಿಲು ಮುಚ್ಚಿ ಎನ್ನುವವರ ಜೊತೆಗೂ ನಾನು ಪೂರ್ತಿ ನಿಲ್ಲಲಾರೆ. ಗದ್ದಲದ ಏಟು ಎಲ್ಲರಿಗೂ ಸಮನಾಗಿ ಬೀಳುವುದಿಲ್ಲ. 2016ರಲ್ಲಿ ಗಾರ್ಡಿಯನ್ ಪತ್ರಿಕೆ ತನಗೆ ಓದುಗರಿಂದ ಬಂದಿದ್ದ ಏಳು ಕೋಟಿ ಪ್ರತಿಕ್ರಿಯೆಗಳನ್ನು ಜಾಲಾಡಿತು. ಅತಿ ಹೆಚ್ಚು ನಿಂದನೆಗೆ ಗುರಿಯಾದ ಹತ್ತು ಲೇಖಕರಲ್ಲಿ ಎಂಟು ಮಂದಿ ಮಹಿಳೆಯರು, ಉಳಿದ ಇಬ್ಬರು ಕಪ್ಪು ವರ್ಣದ ಗಂಡಸರು. ನಮ್ಮ ಗುಂಪಿಗೆ ಅಂಥ ಲೆಕ್ಕ ಯಾರೂ ಹಾಕಿಲ್ಲ. ಹಾಕಿದರೆ ಏನು ಬರಬಹುದೆಂದು ಊಹಿಸುವುದು ಕಷ್ಟವಲ್ಲ. ಐನೂರರಲ್ಲಿ ಮೂವತ್ತು ಜನ ಹೆಂಗಸರಿದ್ದರು, ಗುಂಪಿನಲ್ಲಿ ಬರೆಯುತ್ತಿದ್ದವರು ಇಬ್ಬರು. ಉಳಿದವರು ನನ್ನ ಹೆಂಡತಿಗೆ ಫೋನ್ ಮಾಡಿ ಕೇಳುತ್ತಿದ್ದರು. ಅವಳು ನನ್ನನ್ನು ಕೇಳಿ ಅವರಿಗೆ ಹೇಳುತ್ತಿದ್ದಳು. ‘ಗುಂಪಿನಲ್ಲಿಯೇ ಕೇಳಬಾರದೇ?’ ಎಂದರೆ, ‘ಅಲ್ಲಿ ಯಾರು ಬಾಯಿ ಕೊಡುತ್ತಾರೆ?’ ಎಂದಳು.

ಈಗ ಗುಂಪು ನಡೆಯುತ್ತಿದೆ. ನೂರ ತೊಂಬತ್ತು ಜನ. ಹೊಸಬರು ಒಬ್ಬ ಹಳಬರ ಮೂಲಕ ಬರಬೇಕು, ಪಹಣಿ ಬೇಕಿಲ್ಲ. ಭಾಗವತಿಕೆಗೆ ಮೂವರಿದ್ದೇವೆ, ಸರದಿಯ ಮೇಲೆ. ಸಂಬಂಧಿಯ ಜೊತೆ ನಾನು ಮಾತಾಡಿದೆ. ತಮಾಷೆಯನ್ನು ತಮಾಷೆಯಾಗಿ ತೆಗೆದುಕೊಳ್ಳಬೇಕಪ್ಪ ಎಂದರು. ಮುಂದಿನ ವಾರದ ಒಂದು ಗೃಹಪ್ರವೇಶದಲ್ಲಿ ನನ್ನ ಪಕ್ಕದ ಎಲೆಗೆ ಕೂರಲಿಲ್ಲ.

ಕೊನೆಗಾರನಿಗೆ ನಾಲ್ಕು ದಿನ ಬಿಟ್ಟು ಫೋನ್ ಮಾಡಿದ್ದೆ. ಗುಂಪಿನಲ್ಲಿ ಆದದ್ದಕ್ಕೆ ಬೇಸರವಾಯಿತು, ನಾನು ಆಗಲೇ ತಡೆಯಬೇಕಿತ್ತು ಎಂದೆ.

‘ಅಯ್ಯೋ, ಅದಕ್ಕೆಲ್ಲ ಅಲ್ಲ ಸರ್. ಮೊಬೈಲಿನಲ್ಲಿ ಜಾಗ ತುಂಬಿಹೋಗಿತ್ತು. ದಿನಾ ಮುನ್ನೂರು ಬಂದು ಬೀಳುತ್ತಿತ್ತಲ್ಲ’ ಎಂದ. ಒಂದು ಕ್ಷಣ ಇಬ್ಬರೂ ಸುಮ್ಮನಿದ್ದೆವು. ‘ನಿಮ್ಮ ಕಡೆ ಮಳೆ ಹೇಗಿದೆ?’ ಎಂದು ಅವನೇ ಕೇಳಿದ.

ಮತ್ತೆ ಸೇರಿಸಲೇ ಎಂದು ಕೇಳಿದ್ದಕ್ಕೆ ನೋಡೋಣ ಎಂದ. ಆಮೇಲೆ ಆಗೊಮ್ಮೆ ಈಗೊಮ್ಮೆ ಅವನ ಧ್ವನಿ ಸಂದೇಶ ನನಗೆ ಬರುತ್ತದೆ, ನನಗೊಬ್ಬನಿಗೆ. ಮೊನ್ನೆಯದು ಕೊಟ್ಟೆ ಕಟ್ಟುವ ದಾರದ ಬಗ್ಗೆ, ಮೂರು ನಿಮಿಷ ಇಪ್ಪತ್ತು ಸೆಕೆಂಡ್. ಗುಂಪಿಗೆ ಹಾಕಲೇ ಎಂದು ಕೇಳಿ ಬರೆದೆ. ನೀಲಿ ಗೆರೆ ಬಿತ್ತು. ಉತ್ತರ ಇನ್ನೂ ಬಂದಿಲ್ಲ.